ಕಾಮ್ ಏಳು

ಹಗಲೆಲ್ಲ ನಾನು ಶಹಾಬಾದಿನ ಕಲ್ಲಿನ ಡಿಪೋದಾಗ
ಕಾಟಾದ ಕಿಟಕಿ ಹಿಂದ ಕೂಡತೀನಿ.
ಫರಸಿ ತುಂಬಿದ ಲಾರಿ ತಗಡಿನ ಮ್ಯಾಲ ಏರಿ ನಿಂತರ
ಬೂದಿ ಬಣ್ಣದ ಒಂದು ವೈರಿನಾಗ
ತೂಕ ಹರಕೋತ ಬಂದು ಪರದೆ ಮ್ಯಾಲ ನಿಂದರತದ.
ಅಷ್ಟೇ ನನ್ನ ವಿದ್ಯಾ.

ಅದನ್ನೇ ಕೇಳಿ ರಜ್ಜಾಕ ಮಾಸ್ತರ್ ಹೇಳಿ ಕಳಿಸಿದ್ರು:
"ಕಾಶೀಬಾಯಿ, ನನ್ನ ರೇಡಿಯೊ ಕಂಪ್ಯೂಟರಿನ ಜೋಡಿ
ಮಾತಾಡೂ ಹಂಗ ಮಾಡು ಬಾ."
ಐಟಿಐದಾಗ ಮೂವತ್ತೊಂದು ವರ್ಷ ಬೆಸುಗೆ ಕಲಿಸಿದ ಕೈ.
ಈಗ ಕಣ್ಣಿನಾಗ ಹಾಲು ಇಳದದ,
ಡಯಲಿನ ಅಂಕಿ ಕಾಣವಲ್ದು.
ಕಪಾಟಿನಾಗ ಇಪ್ಪತ್ತೆರಡು ಲಾಗ್ ಬುಕ್ಕು:
ತಾರೀಖು, ಗ್ರೀನಿಚ್ ವ್ಯಾಳಿ, ತರಂಗ, ಕರೆ-ಹೆಸರು.
ಕಡೇ ಬುಕ್ಕಿನಾಗ ಸಾಲುಗಳು ಒಂದರ ಮ್ಯಾಲೊಂದು ಏರಿ
ಯಾವ ದೇಶ ಯಾವ ರಾತ್ರಿದ್ದೋ ತಿಳಿಯಂಗಿಲ್ಲ.

ಅವರೇ ಬೆಸೆದ ಸಣ್ಣ ಡಬ್ಬಿಗೆ ನನ್ನ ವೈರು ಸಿಗಿಸಿದೆ.
ಕಂಪ್ಯೂಟರ್ "ಕಾಮ್ ಏಳು" ಅಂತು.
ಲಾಗಿನ ಸಾಫ್ಟ್‌ವೇರಿನಾಗ ಏಳು ಒತ್ತಿದೆ.
ಕಾಟಾದ ರೂಢಿ, ಒಂಬತ್ತು ಸಾವಿರದ ಆರನೂರು ವೇಗ ಇಟ್ಟಿದ್ದೆ;
ರೇಡಿಯೊ ನಾಲ್ಕು ಸಾವಿರದ ಎಂಟನೂರಿನ ಮುದುಕ.
ಅದು ಒಂದು ಅಕ್ಷರ ಅನ್ನೂದ್ರಾಗ ನಾ ಎರಡು ಕೇಳಿದಂಗ.
ಪರದೆ ತುಂಬ ಪ್ರಶ್ನೆ ಚಿಹ್ನಿ, ಚೌಕ, ಒಡದ ಬಳಿ ಚೂರು.
ವೇಗ ಇಳಿಸಿದೆ. ಎಂಟು ಬಿಟ್, ಪ್ಯಾರಿಟಿ ಇಲ್ಲ,
ಸ್ಟಾಪ್ ಬಿಟ್ ಎರಡು.
"ಮಾತು ಮುಗಿಸಿ ಎರಡು ಸಲ ಉಸಿರು ತಗೋತದ," ಅಂದ್ರು ಮಾಸ್ತರ್,
"ನಮ್ಮ ಮನ್ಯಾಕಿ ಹಂಗ."
ಒಳಗ ಹಮೀದಾಬಿ ಕೆಮ್ಮಿದ್ರು.

ಆಮ್ಯಾಲ ಒಂದು ಖಾನಿ ಇತ್ತು. ಆರ್‌ಟಿಎಸ್.
ಕಾಟಾದಾಗ ಅದಕ್ಕ ಯಾವಾಗಲೂ ಟಿಕ್ ಹಾಕತೀನಿ.
ಹಾಕಿದೆ.
ರೇಡಿಯೊದ ಕೆಂಪು ದೀಪ ಹತ್ತಿತು. ನಾ ನೋಡಲಿಲ್ಲ,
"ಯಾಕೋ ನಮ್ಮಪ್ಪಾ, ಬಾಯಿ ಬಿಡವಲ್ಲಿ?" ಅಂತ
ಕಂಪ್ಯೂಟರಿಗೆ ಬೈಯಾಕತ್ತಿದ್ದೆ;
ಹೊರಗ ಪಾಲಿಶ್ ಮಷೀನು ಕಲ್ಲು ತಿಕ್ಕತಿತ್ತು;
"ಸಕ್ಕರಿ ಎಷ್ಟು ಹಾಕಲೇ?" ಅಂತ ಹಮೀದಾಬಿ ಕೂಗಿದ್ರು.
ಎಲ್ಲಾ ಹೋತು.
ಮೈಕು ತೆರದಿತ್ತು. ಮಾಳಿಗಿ ಮ್ಯಾಲಿನ ಆಂಟೆನಾದಿಂದ
ಸಕ್ಕರಿ, ಬೈಗಳ, ಕಲ್ಲು ಸವೆಯೋ ಸಪ್ಪಳ
ಇಪ್ಪತ್ತು ಮೀಟರಿನ ಹಾದಿ ಹಿಡದು ಹೋತು.

ಮಾಸ್ತರ್ ತಡಕಾಡಿ ವೈರು ಕಿತ್ತಿದ್ರು.
ದೀಪ ಆರಿತು. ಸ್ಪೀಕರಿನಾಗ
ಉಸುಕು ಸುರದಂಥ ಸಪ್ಪಳದ ಹಿಂದ ಎಲ್ಲಿಯಾಂವೋ ಒಬ್ಬಾಂವ
ಹರಕು ಇಂಗ್ಲಿಷಿನಾಗ ಕೇಳಿದ: ಯಾರದು? ಇನ್ನೊಮ್ಮೆ ಹೇಳ್ರಿ.

ನನಗ ಲೈಸೆನ್ಸ್ ಇಲ್ಲ. ಎರಡೂ ಕೈಲೆ ಬಾಯಿ ಮುಚ್ಚಿಕೊಂಡೆ.
ಮಾಸ್ತರ್ ತಮ್ಮ ಕರೆ-ಹೆಸರು ಹೇಳಿ ಮಾಫಿ ಕೇಳಿದ್ರು.
ಅಂವ ನಕ್ಕ.
ಸಕ್ಕರಿ ಅಂದ್ರ ಏನು ಅಂತ ಕೇಳಿದ.

ಟಿಕ್ ತೆಗದೆ. ವೈರು ಮತ್ತ ಸಿಗಿಸಿದ್ರ
"ಕಾಮ್ ಒಂಬತ್ತು" ಅಂತದ ಕಂಪ್ಯೂಟರು.
ಅದೇ ವೈರು, ಅದೇ ಡಬ್ಬಿ; ನಾ ಬ್ಯಾರೆ ತೂತಿಗೆ ಹಾಕಿದ್ದೆ.
ವಾಪಸ್ ಹಳೇ ತೂತಿಗೇ ಹಾಕಿ
ಅದರ ಬಾಜೂಕ ಉಗುರು ಬಣ್ಣದ ಚುಕ್ಕಿ ಇಟ್ಟೆ,
ನಾನಿಲ್ಲದ ದಿನ ಹಮೀದಾಬಿಗೆ ಗುರ್ತು ಸಿಗಲಿ ಅಂತ.

ಮಾಸ್ತರ್ ಗುಂಡಿ ತಿರುವಿದ್ರು.
ಪರದೆ ಮ್ಯಾಲ ರೊಟ್ಟಿಯಷ್ಟು ದೊಡ್ಡ ಅಂಕಿ:
ಹದಿನಾಲ್ಕು, ಒಂದುನೂರಾ ತೊಂಬತ್ತು.
ಅವರ ಬೆರಳಿನ ನಡುಕನೂ ಬಂತು. ಕಡೇ ಅಂಕಿ
ಎಂಟು, ಒಂಬತ್ತು, ಎಂಟು, ನಿಂದರವಲ್ದು.
ಕಾಟಾದಾಗಾದ್ರ "ತೂಕ ನಿಂತಿಲ್ಲ, ತಡೀರಿ" ಅಂತಿದ್ದೆ.
ಇಲ್ಲಿ ತಡೀಲಿಲ್ಲ. ಎಂಟರ್ ಒತ್ತಿದೆ.

ತಾರೀಖು, ವ್ಯಾಳಿ, ತರಂಗ ತಾವೇ ಹೋಗಿ ಕೂತವು.
ಷರಾ ಅನ್ನೋ ಖಾನಿ ಖಾಲಿ ಇತ್ತು.
"ಇಲ್ಲಿ ಏನು ಬರೀಲಿ ಮಾಸ್ತರ್?"
"ಎರಡು ಚಮಚ," ಅಂದ್ರು.